ಅಲ್ಝೈಮರ್ ಕಾಯಿಲೆಯ ಪಾಠ: ಯಾರೂ ಹೊರಗುಳಿಯದಂತೆ ಕಲಿಸುವ ಬಗೆ

ಪದವಿಪೂರ್ವ ಮತ್ತು ಪದವಿ ತರಗತಿಗಳಲ್ಲಿ ಜೀವಶಾಸ್ತ್ರ, ಮನಶ್ಶಾಸ್ತ್ರ ಅಥವಾ ನರ್ಸಿಂಗ್ ಕಲಿಸುವವರಿಗಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ನಾನು ಬಳಸಿದ ಪಠ್ಯಪುಸ್ತಕಗಳಲ್ಲಿ ಅಲ್ಝೈಮರ್ ಕಾಯಿಲೆಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದು ಪುಟ. ಆ ಒಂದು ಪುಟವನ್ನು ನಾನು ಕೆಲವು ವರ್ಷಗಳಿಂದ ಆರು ತರಗತಿಗಳಿಗೆ ಹಿಗ್ಗಿಸಿ ಕಲಿಸುತ್ತ ಬಂದಿದ್ದೇನೆ. ಜೀವಕೋಶ, ಪ್ರೋಟೀನು, ವಂಶವಾಹಿ, ಔಷಧ ಪ್ರಯೋಗ, ಅಂಕಿ-ಅಂಶ ಇವೆಲ್ಲವನ್ನೂ ಒಂದೇ ಎಳೆಯಲ್ಲಿ ಕಟ್ಟಿಕೊಡುವ ವಿಷಯ ಇದು. ಅದಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿಗಳ ಮನೆಯೊಳಗೇ ಇರುವ ವಿಷಯ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ನೆನಪು, ಮಾತು, ಸ್ವಭಾವ ಕುಸಿಯುವ, ಅಲ್ಝೈಮರ್ ಕೂಡ ಸೇರಿದ ಕಾಯಿಲೆಗಳ ಗುಂಪು) ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಈ ಪ್ರಮಾಣ ಹೆಚ್ಚು.

ಆರೂ ತರಗತಿಗಳಲ್ಲಿ ನಾನು ಬಿಡದೆ ಕೇಳುವ ಪ್ರಶ್ನೆ ಒಂದೇ: ಇಲ್ಲಿ ಯಾರು ಬಿಟ್ಟುಹೋಗಿದ್ದಾರೆ? ಸಂಶೋಧನೆಯ ಕುರಿತು ಈ ಪ್ರಶ್ನೆಯನ್ನು ಕೇಳುವ ಅಧ್ಯಾಪಕರು ತಮ್ಮ ತರಗತಿಯ ಕುರಿತೂ ಅದನ್ನೇ ಕೇಳಿಕೊಳ್ಳಬೇಕಾಗುತ್ತದೆ. ಹಾಗಾಗಿ ಕೆಳಗಿನ ಹೆಜ್ಜೆಗಳಲ್ಲಿ ಕಾಯಿಲೆಯ ವಿಜ್ಞಾನ ಮತ್ತು ಎಲ್ಲರನ್ನೂ ಒಳಗೊಳ್ಳುವ ಬೋಧನೆ ಎರಡನ್ನೂ ಬೇರ್ಪಡಿಸದೆ ಇಟ್ಟಿದ್ದೇನೆ.

ಮೊದಲ ಹೆಜ್ಜೆ: ಚೀಟಿ ಮತ್ತು ಪದಗಳು

ಪಾಠ ಆರಂಭಿಸುವ ಒಂದು ವಾರ ಮೊದಲು ಪ್ರತಿ ವಿದ್ಯಾರ್ಥಿಗೂ ಒಂದು ಚೀಟಿ ಕೊಡಿ. ಯಾವ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ, ನೋಡಲು, ಕೇಳಲು, ಬರೆಯಲು ಅಥವಾ ಬಹಳ ಹೊತ್ತು ಕುಳಿತಿರಲು ಏನಾದರೂ ಅನುಕೂಲ ಬೇಕೇ, ಮುಂಚಿತವಾಗಿ ಹೇಳಿಯೇ ಆರಂಭಿಸಬೇಕಾದ ವಿಷಯ ಏನಾದರೂ ಇದೆಯೇ ಎಂದು ಕೇಳಿ. ಉತ್ತರಗಳನ್ನು ನೀವೊಬ್ಬರೇ ಓದಿ, ತರಗತಿಯಲ್ಲಿ ಯಾರ ಹೆಸರನ್ನೂ ಎತ್ತಬೇಡಿ. “ಯಾರ ಮನೆಯಲ್ಲಿ ಈ ಕಾಯಿಲೆ ಇದೆ, ಕೈಯೆತ್ತಿ” ಎಂದು ನಾನೊಮ್ಮೆ ಕೇಳಿದ್ದೆ. ಒಬ್ಬಳು ಅರ್ಧ ಕೈಯೆತ್ತಿ ಇಳಿಸಿದಳು. ಮುಂದಿನ ಎರಡು ತರಗತಿಗಳಿಗೆ ಬರಲಿಲ್ಲ. ಆಮೇಲೆ ಆ ಪ್ರಶ್ನೆಯನ್ನು ನಾನು ಕೇಳಿಲ್ಲ.

ಪದಗಳ ವಿಷಯಕ್ಕೆ ಮೊದಲ ತರಗತಿಯ ಅರ್ಧ ಸಮಯವನ್ನಾದರೂ ಮೀಸಲಿಡಿ. ಡಿಮೆನ್ಷಿಯಾ ಎಂಬುದಕ್ಕೆ ಕೆಲವರು “ಬುದ್ಧಿಮಾಂದ್ಯತೆ” ಎಂದು ಬರೆಯುತ್ತಾರೆ. ಇದು ತಪ್ಪು ಮತ್ತು ಇಬ್ಬರಿಗೂ ಅನ್ಯಾಯ ಮಾಡುವ ಬಳಕೆ. ಆ ಪದ ಎಳವೆಯಿಂದಲೇ ಇರುವ ಬೌದ್ಧಿಕ ಅಂಗವೈಕಲ್ಯವನ್ನು ಸೂಚಿಸಲು ಬಳಕೆಯಾದದ್ದು. ಡಿಮೆನ್ಷಿಯಾ ಎಂದರೆ ಬೆಳೆದು ಬಾಳಿದ ಸಾಮರ್ಥ್ಯ ಕಾಯಿಲೆಯಿಂದ ಕರಗುತ್ತ ಹೋಗುವುದು. “ಮರೆಗುಳಿ ಕಾಯಿಲೆ” ಎಂಬುದು ಹತ್ತಿರದ ಮಾತಾದರೂ ಸಾಲದು, ಏಕೆಂದರೆ ಇದರಲ್ಲಿ ದಾರಿ ತಪ್ಪುವುದು, ಮಾತಿಗೆ ಪದ ಸಿಗದಿರುವುದು, ಸ್ವಭಾವ ಬದಲಾಗುವುದು ಎಲ್ಲವೂ ಸೇರಿದೆ. ನಾನು ಡಿಮೆನ್ಷಿಯಾ ಎಂಬ ಪದವನ್ನೇ ಉಳಿಸಿಕೊಂಡು, ಅದೊಂದು ಕುಟುಂಬದ ಹೆಸರು, ಅಲ್ಝೈಮರ್ ಆ ಕುಟುಂಬದಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಸದಸ್ಯ ಎಂದು ಹೇಳುತ್ತೇನೆ.

ನಂತರ ಕಪ್ಪುಹಲಗೆಯ ಮೇಲೆ “ಅರವತ್ತಕ್ಕೆ ಅರಳುಮರಳು” ಎಂದು ಬರೆಯಿರಿ. ಈ ಗಾದೆ ಗೊತ್ತಿಲ್ಲದ ಮನೆ ನಮ್ಮಲ್ಲಿ ಕಡಿಮೆ. ಕಾಯಿಲೆಯನ್ನು ವಯಸ್ಸಿನ ಸಹಜ ಫಲವೆಂದು ಒಪ್ಪಿಸಿಬಿಡುವ ಮಾತು ಇದು; ಈ ನಂಬಿಕೆಯಿಂದಲೇ ಎಷ್ಟೋ ಮಂದಿ ವೈದ್ಯರ ಹತ್ತಿರ ಹೋಗುವುದೇ ಇಲ್ಲ. ಮೇಲೆ ಹೇಳಿದ ಶೇ. 7.4ರ ಅಂಕಿಯನ್ನು ಗಾದೆಯ ಪಕ್ಕದಲ್ಲಿ ಬರೆದು, ಉಳಿದವರೆಷ್ಟು ಎಂದು ಕೇಳಿ. ಅರವತ್ತು ದಾಟಿದ ನೂರು ಜನರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಡಿಮೆನ್ಷಿಯಾ ಇಲ್ಲ ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಳೆದು ಕಂಡುಕೊಳ್ಳಲಿ.

ಎರಡನೆಯ ಹೆಜ್ಜೆ: ಒಬ್ಬ ಹೆಂಗಸಿನಿಂದ ಆರಂಭಿಸಿ

ಪ್ರೋಟೀನಿನ ಚಿತ್ರಕ್ಕಿಂತ ಮೊದಲು ಆಗುಸ್ಟೆ ಡೇಟರ್ ಅವರ ಕತೆ ಹೇಳಿ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಕೆಯನ್ನು ಸೇರಿಸಿದಾಗ ವಯಸ್ಸು 51. ಗಾದೆ ಹೇಳುವ ಅರವತ್ತು ಇನ್ನೂ ದೂರವಿತ್ತು. ವೈದ್ಯ ಅಲೋಯಿಸ್ ಅಲ್ಝೈಮರ್ ಬರೆದಿಟ್ಟ ಟಿಪ್ಪಣಿಯಲ್ಲಿ ಮಧ್ಯಾಹ್ನದ ಊಟದ ಸನ್ನಿವೇಶವೊಂದಿದೆ. ತಟ್ಟೆಯಲ್ಲಿದ್ದದ್ದು ಹೂಕೋಸು ಮತ್ತು ಹಂದಿಮಾಂಸ. ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಆಕೆ ಪಾಲಕ್ ಸೊಪ್ಪು ಎಂದರು. ಹೆಸರು ಬರೆಯಿರಿ ಎಂದರೆ “ಶ್ರೀಮತಿ” ಎಂಬಲ್ಲಿಗೆ ನಿಂತು, ಮುಂದಿನದನ್ನು ಮರೆತರು. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಅಲ್ಝೈಮರ್ ಆಗ ಕೆಲಸ ಮಾಡುತ್ತಿದ್ದ ಮ್ಯೂನಿಕ್‌ಗೆ ಕಳುಹಿಸಲಾಯಿತು. ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶಗಳ ಹೊರಗೆ ಗಡ್ಡೆಯಂಥ ಶೇಖರಣೆಗಳೂ ಒಳಗೆ ಸಿಕ್ಕುಗಟ್ಟಿದ ಎಳೆಗಳೂ ಕಂಡವು. ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ಅವರು ಇದನ್ನು ವರದಿ ಮಾಡಿದರು; 1910ರಲ್ಲಿ ಮನೋವೈದ್ಯ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ಕಾಯಿಲೆಗೆ ಅಲ್ಝೈಮರ್ ಅವರ ಹೆಸರಿಟ್ಟರು.

ಇಲ್ಲಿಗೇ ನಿಲ್ಲಿಸದೆ ಸಾಲೊಮನ್ ಕಾರ್ಟರ್ ಫುಲ್ಲರ್ ಅವರನ್ನು ಪರಿಚಯಿಸಿ. 1872ರಲ್ಲಿ ಲೈಬೀರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ವೈದ್ಯರಾದ ಈ ಕಪ್ಪುವರ್ಣೀಯ ವಿಜ್ಞಾನಿ ಮ್ಯೂನಿಕ್‌ನಲ್ಲಿ ಅಲ್ಝೈಮರ್ ಅವರ ಪ್ರಯೋಗಾಲಯದಲ್ಲಿ ಕೆಲಸ ಕಲಿತವರು. 1912ರಲ್ಲಿ ಈ ಕಾಯಿಲೆಯ ಬಗ್ಗೆ ವಿಸ್ತಾರವಾದ ಸಮೀಕ್ಷೆ ಪ್ರಕಟಿಸಿ, ಅಲ್ಝೈಮರ್ ಅವರ ಮೊದಲ ವರದಿಯನ್ನು ಇಂಗ್ಲಿಷಿಗೆ ತಂದರು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಕಲಿಸಿದ ಅವರು, ತಮಗಿಂತ ಕಿರಿಯ ಬಿಳಿಯ ಸಹೋದ್ಯೋಗಿಯನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದಾಗ 1933ರಲ್ಲಿ ನಿವೃತ್ತರಾದರು. ಮಧುಮೇಹದಿಂದ ಮುಂದೆ ಅವರ ದೃಷ್ಟಿಯೂ ಹೋಯಿತು. “ಯಾರು ಬಿಟ್ಟುಹೋಗಿದ್ದಾರೆ” ಎಂಬ ಪ್ರಶ್ನೆಗೆ ನಾನು ಕೊಡುವ ಮೊದಲ ಉತ್ತರ ಇವರು.

ಮೂರನೆಯ ಹೆಜ್ಜೆ: ಬೆರಳಿಗೆ ಸಿಗುವ ನರಕೋಶ

ಅಲ್ಝೈಮರ್ ಕಂಡ ಹೊರಗಿನ ಶೇಖರಣೆ ಅಮೈಲಾಯ್ಡ್ ಎಂಬ ಪ್ರೋಟೀನಿನದು, ಒಳಗಿನ ಸಿಕ್ಕು ಟೌ ಎಂಬ ಪ್ರೋಟೀನಿನದು. ಇವೆರಡನ್ನೂ ಬಣ್ಣದ ಸ್ಲೈಡಿನಲ್ಲಿ ತೋರಿಸಿದರೆ ಕಣ್ಣು ಕಾಣದ ವಿದ್ಯಾರ್ಥಿಗೆ ಏನೂ ಸಿಗುವುದಿಲ್ಲ. ಹಿಂದಿನ ಬೆಂಚಿನವರಿಗೂ ಹೆಚ್ಚೇನೂ ಸಿಗುವುದಿಲ್ಲ. ಅದಕ್ಕಾಗಿ ಮುಟ್ಟಿ ನೋಡುವ ಮಾದರಿ ಮಾಡಿಕೊಳ್ಳಿ. ನಾಲ್ವರ ಗುಂಪಿಗೆ ಬೇಕಾಗುವುದು ಇಷ್ಟೇ: ಎರಡು ಹಳೆಯ ಕಾಲುಚೀಲ, ಒಂದು ಹಿಡಿ ತೆಂಗಿನ ಪೊರಕೆಯ ಕಡ್ಡಿ, ಹತ್ತು ರಬ್ಬರ್‌ಬ್ಯಾಂಡ್, ತೂತಿರುವ ಒಂದು ದೊಡ್ಡ ಮಣಿ, ಬೀಜ ತೆಗೆದ ಹುಣಸೆಹಣ್ಣು ಮತ್ತು ಒಂದು ಮೊಳ ದಾರ.

ಕಡ್ಡಿಗಳನ್ನು ಕಂತೆ ಕಟ್ಟಿ, ಎರಡೆರಡು ಬೆರಳಿನ ಅಂತರದಲ್ಲಿ ರಬ್ಬರ್‌ಬ್ಯಾಂಡ್ ಹಾಕಿ, ಕಂತೆಯನ್ನು ಕಾಲುಚೀಲದೊಳಗೆ ಇಳಿಸಿ. ಕಾಲುಚೀಲ ನರಕೋಶದ ಉದ್ದನೆಯ ಬಾಲ, ಅಂದರೆ ಆಕ್ಸಾನ್. ಕಡ್ಡಿಗಳು ಅದರೊಳಗಿನ ಸೂಕ್ಷ್ಮನಳಿಕೆಗಳು. ಅವುಗಳನ್ನು ಹಿಡಿದಿಟ್ಟ ರಬ್ಬರ್‌ಬ್ಯಾಂಡ್‌ಗಳೇ ಟೌ. ಹೊರಗೆ ಚಾಚಿದ ಒಂದು ಕಡ್ಡಿಗೆ ಮಣಿ ಪೋಣಿಸಿ ಜಾರಿಸಲು ಹೇಳಿ. ಜೀವಕೋಶದ ಸಾಮಾನು ಸಾಗಣೆ ಆಗುವುದು ಈ ಹಳಿಗಳ ಮೇಲೆ. ಈಗ ಒಂದೊಂದೇ ರಬ್ಬರ್‌ಬ್ಯಾಂಡ್ ತೆಗೆದು, ಅವುಗಳನ್ನು ಒಂದಕ್ಕೊಂದು ಹೊಸೆದು, ಆ ಉಂಡೆಯನ್ನು ಮತ್ತೆ ಕಾಲುಚೀಲದೊಳಗೇ ತುರುಕಲು ಹೇಳಿ. ಕಡ್ಡಿಗಳು ಚೆದುರುತ್ತವೆ, ಮಣಿ ಸಾಗುವುದಿಲ್ಲ, ಒಳಗೊಂದು ಸಿಕ್ಕು ಕೈಗೆ ಸಿಗುತ್ತದೆ. ಟೌ ಪ್ರೋಟೀನಿಗೆ ಮಿತಿಮೀರಿ ಫಾಸ್ಫೇಟ್ ಅಂಟಿಕೊಂಡಾಗ ಅದು ನಳಿಕೆಯನ್ನು ಬಿಟ್ಟು ತನ್ನಂಥದ್ದಕ್ಕೇ ಹೆಣೆದುಕೊಳ್ಳುತ್ತದೆ ಎಂಬ ವಾಕ್ಯವನ್ನು ಆಗ ಹೇಳಿದರೆ ಸಾಕು, ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಅಮೈಲಾಯ್ಡ್‌ಗೆ ದಾರ. ಅದರ ಎರಡು ಕಡೆ ಗಂಟು ಹಾಕಿ, ಕತ್ತರಿಸಬೇಕಾದ ಜಾಗ ಬೆರಳಿಗೆ ತಿಳಿಯುವಂತೆ ಮಾಡಿ. ಉದ್ದನೆಯ ಮೂಲ ಪ್ರೋಟೀನನ್ನು ಎರಡು ಕಿಣ್ವಗಳು ಈ ಎರಡು ಜಾಗಗಳಲ್ಲಿ ಕತ್ತರಿಸಿದಾಗ ನಡುವಿನ ತುಂಡು ಬೀಟಾ ಅಮೈಲಾಯ್ಡ್ ಆಗಿ ಬಿಡುಗಡೆಯಾಗುತ್ತದೆ. ಸಾಮಾನ್ಯವಾಗಿ ಅದರಲ್ಲಿ 40 ಅಥವಾ 42 ಅಮೈನೊ ಆಮ್ಲಗಳಿರುತ್ತವೆ. 42 ಇರುವುದು ಹೆಚ್ಚು ಅಂಟು. ಆ ಅಂಟು ಹೇಗೆಂದು ತೋರಿಸಲು ಹುಣಸೆಹಣ್ಣನ್ನು ಗೋಲಿ ಗಾತ್ರಕ್ಕೆ ಉರುಟಿ, ಎರಡು ಕಾಲುಚೀಲಗಳ ನಡುವೆ ಇಡಿ. ಕಳೆದ ವರ್ಷ ಅವಸರದಲ್ಲಿ ಒಂದು ಮಾದರಿಯಲ್ಲಿ ಹುಣಸೆಯ ಉಂಡೆಯನ್ನು ನಾನು ಕಾಲುಚೀಲದ ಒಳಗೆ ಹಾಕಿದ್ದೆ. ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಎರಡು ಸಲ ಸವರಿ ನೋಡಿ, “ಮೇಡಂ, ಅಮೈಲಾಯ್ಡ್ ಹೊರಗಿರತ್ತೆ ಅಂದ್ರಲ್ಲ, ಇದು ಒಳಗಿದೆ” ಎಂದಳು. ಕಣ್ಣಿದ್ದ ಮೂವತ್ತೆರಡು ಮಂದಿಯಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ.

ಮಾದರಿಯ ಮಿತಿಯನ್ನೂ ಹೇಳಲೇಬೇಕು. ಅಮೈಲಾಯ್ಡ್ ಶೇಖರಣೆಯೇ ಎಲ್ಲದಕ್ಕೂ ಮೊದಲ ಕಾರಣ ಎಂಬ ಊಹೆ 1992ರಿಂದ ಈ ಕ್ಷೇತ್ರವನ್ನು ಆಳುತ್ತ ಬಂದಿದ್ದರೂ, ಅಮೈಲಾಯ್ಡ್ ಬಹಳವಿದ್ದೂ ನೆನಪು ಚೆನ್ನಾಗಿರುವ ಹಿರಿಯರಿದ್ದಾರೆ. ನೆನಪಿನ ಕುಸಿತದೊಂದಿಗೆ ಹೆಚ್ಚು ಹೊಂದಿಕೊಳ್ಳುವುದು ಟೌ ಸಿಕ್ಕುಗಳು ಹರಡುವ ರೀತಿ. ಈ ಸಿಕ್ಕುಗಳು ಮೊದಲು ಎಂಟೊರೈನಲ್ ತೊಗಟೆಯಲ್ಲಿ, ನಂತರ ಅದಕ್ಕೆ ಅಂಟಿಕೊಂಡಿರುವ, ಹೊಸ ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್‌ನಲ್ಲಿ, ಆಮೇಲೆ ಮೆದುಳಿನ ಹೊರಭಾಗಗಳಲ್ಲಿ ಕಾಣಿಸಿಕೊಳ್ಳುತ್ತವೆ ಎಂಬ ಕ್ರಮವನ್ನು ಹೈಕೊ ಮತ್ತು ಎವಾ ಬ್ರಾಕ್ 1991ರಲ್ಲಿ ವಿವರಿಸಿದರು. ಎಲ್ಲರೂ ಕಿವಿಯ ಮೇಲ್ಭಾಗದಲ್ಲಿ ಬೆರಳಿಟ್ಟುಕೊಳ್ಳಲಿ. ಆ ಜಾಗದ ಒಳಬದಿಯಲ್ಲಿ, ಆಳದಲ್ಲಿ ಇದು ಆರಂಭವಾಗುತ್ತದೆ. ಬೆಳಿಗ್ಗೆ ಕಾಫಿ ಕುಡಿದದ್ದನ್ನು ಮರೆತ ಅಜ್ಜಿ ಐವತ್ತು ವರ್ಷ ಹಿಂದೆ ಕಲಿತ ಸೋಬಾನೆ ಪದವನ್ನು ಪೂರ್ತಿ ಹಾಡಬಲ್ಲರು ಎಂಬುದರ ಗುಟ್ಟು ಈ ಕ್ರಮದಲ್ಲಿದೆ.

ಕಿವಿ ಕೇಳದ ವಿದ್ಯಾರ್ಥಿಗಳಿದ್ದರೆ ಹಲಗೆಯ ಮೇಲೆ ಬರೆಯುತ್ತ ಮಾತಾಡಬೇಡಿ. ಬರೆದು ಮುಗಿಸಿ, ತಿರುಗಿ ನಿಂತು ಮಾತಾಡಿ. ಸನ್ನೆಭಾಷೆಯ ದುಭಾಷಿ ಬರುವುದಾದರೆ ಪದಪಟ್ಟಿಯನ್ನು ಎರಡು ದಿನ ಮೊದಲೇ ಕೊಡಿ, ಯಾವ ಪದಕ್ಕೆ ಯಾವ ಸನ್ನೆ ಎಂದು ಅವರೂ ವಿದ್ಯಾರ್ಥಿಯೂ ಕೂಡಿ ಗೊತ್ತುಮಾಡಿಕೊಳ್ಳಲಿ. ಮಾದರಿಯನ್ನು ಕೈಯಲ್ಲಿ ಹಿಡಿದಿರುವಾಗ ಕಣ್ಣು ಅದರ ಮೇಲಿರುತ್ತದೆ, ದುಭಾಷಿಯ ಮೇಲಲ್ಲ. ಆದ್ದರಿಂದ ಮೊದಲು ವಿವರಣೆ, ನಂತರ ಕೈಕೆಲಸ, ಮತ್ತೆ ವಿವರಣೆ ಎಂಬ ಸರದಿ ಇರಲಿ.

ನಾಲ್ಕನೆಯ ಹೆಜ್ಜೆ: ಪರೀಕ್ಷೆಯನ್ನೇ ಪರೀಕ್ಷಿಸುವುದು

ಆರು ತರಗತಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಜಗತ್ತಿನಾದ್ಯಂತ ಬಳಕೆಗೆ ಬಂದ 30 ಅಂಕಗಳ ಸಣ್ಣ ಪರೀಕ್ಷೆಯೊಂದಿದೆ, ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್. ಇಂದಿನ ತಾರೀಖು ಹೇಳುವುದು, ಐದಕ್ಷರದ ಇಂಗ್ಲಿಷ್ ಪದವನ್ನು ಹಿಂದುಮುಂದಾಗಿ ಹೇಳುವುದು, ಬರೆದ ಸೂಚನೆ ಓದಿ ಹಾಗೆ ಮಾಡುವುದು, ಒಂದು ವಾಕ್ಯ ಬರೆಯುವುದು, ಚಿತ್ರ ನಕಲು ಮಾಡುವುದು, ಇಂಥ ಪ್ರಶ್ನೆಗಳು ಅದರಲ್ಲಿವೆ. ಶಾಲೆಯ ಮೆಟ್ಟಿಲು ಹತ್ತದ, ಆದರೆ ಮನೆ-ಹೊಲ ಎರಡನ್ನೂ ನಿಭಾಯಿಸುವ 70ರ ಅಜ್ಜಿ ಇದರಲ್ಲಿ ಎಷ್ಟು ಅಂಕ ಪಡೆಯಬಹುದು ಎಂದು ವಿದ್ಯಾರ್ಥಿಗಳನ್ನು ಕೇಳಿ. ಕಾಯಿಲೆಯೇ ಇಲ್ಲದೆ ಆಕೆ ರೋಗಿಯಾಗಿಬಿಡುತ್ತಾರೆ ಎಂಬುದು ಐದೇ ನಿಮಿಷದಲ್ಲಿ ಅವರಿಗೆ ಹೊಳೆಯುತ್ತದೆ.

ಈ ತೊಡಕನ್ನು ಎದುರಿಸಿದ ನಿಜವಾದ ಕೆಲಸವೊಂದು ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ನಡೆಯಿತು. ಭಾರತ ಮತ್ತು ಅಮೆರಿಕದ ಸಂಶೋಧಕರು ಕೂಡಿ, ಓದುಬರಹ ಬಾರದ ಹಳ್ಳಿಗರಿಗೆಂದು ಹಿಂದಿಯಲ್ಲಿ ಪರೀಕ್ಷೆಯನ್ನು ಹೊಸದಾಗಿ ಕಟ್ಟಿದರು. ಪದವನ್ನು ತಿರುಗಿಸುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ವಾಕ್ಯ ಬರೆಯುವ ಬದಲು ಮನೆಯ ಬಗ್ಗೆ ಒಂದು ಮಾತು ಹೇಳಿಸಿದರು. ಸೂಚನೆ ಓದುವ ಬದಲು “ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ” ಎಂದು ಕಣ್ಣು ಮುಚ್ಚಿ ತೋರಿಸಿದರು.

ಬರೀ ಅನುವಾದ ಏಕೆ ಸಾಲದು ಎಂದು ತಿಳಿಸಲು “ಪುಸ್ತಕ” ಎಂಬ ಪದವನ್ನು ಹಿಂದುಮುಂದಾಗಿ ಹೇಳಲು ಹೇಳಿ. ಅರ್ಧ ತರಗತಿ “ಕ, ಸ್ತ, ಪು” ಎನ್ನುತ್ತದೆ. ಒತ್ತಕ್ಷರವನ್ನು ಬಿಡಿಸಿ “ಕ, ತ, ಸ್, ಪು” ಎನ್ನುವವರೂ ಇರುತ್ತಾರೆ. ಯಾವುದಕ್ಕೆ ಅಂಕ ಕೊಡುವಿರಿ? ನಮ್ಮ ಲಿಪಿಯಲ್ಲಿ ಆ ಪ್ರಶ್ನೆ ಬೇರೆಯೇ ಪ್ರಶ್ನೆಯಾಗಿಬಿಡುತ್ತದೆ. ಇಷ್ಟಾದ ಮೇಲೆ ಗುಂಪುಗಳಿಗೆ ಕೆಲಸ ಕೊಡಿ: ಓದು ಬಾರದ ಅಜ್ಜಿಗೆ, ಕಣ್ಣು ಮಂಜಾದ ತಾತನಿಗೆ, ತುಳು ಅಥವಾ ಉರ್ದು ಮಾತ್ರ ಆಡುವ ಹಿರಿಯರಿಗೆ ಹೊಂದುವಂತೆ ಒಂದೊಂದು ಪ್ರಶ್ನೆಯನ್ನು ತಿದ್ದಿ ಬರೆಯಲಿ. ತಾರೀಖಿನ ಬದಲು ಸಂತೆಯ ದಿನ, ಕಳೆದ ಹಬ್ಬ, ಅಮಾವಾಸ್ಯೆ ಎಂದು ಅವರೇ ಸೂಚಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಇಂಥ ಪರೀಕ್ಷೆಗಳ ಕಟ್ಟೊಂದನ್ನು ಸಿದ್ಧಪಡಿಸಿದೆ ಎಂಬುದನ್ನು ತಿಳಿಸಿ. ಆದರೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿ: ಇದನ್ನು ಮನೆಯಲ್ಲಿ ಯಾರ ಮೇಲೂ ಪ್ರಯೋಗಿಸಬಾರದು. ರೋಗನಿರ್ಣಯ ತರಬೇತಾದ ವೈದ್ಯರ ಕೆಲಸ.

ಭಾಷೆಯ ಮಾತು ಬಂದಾಗ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಬಿಡಬೇಡಿ. ಡಿಮೆನ್ಷಿಯಾ ಇದ್ದ 648 ಮಂದಿಯಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಒಂದೇ ಭಾಷೆ ಬಲ್ಲವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಯಿಲೆ ಕಾಣಿಸಿಕೊಂಡಿತ್ತು. ಶಾಲೆಗೇ ಹೋಗದವರಲ್ಲೂ ಈ ಅಂತರವಿತ್ತು. ಎರಡು ಭಾಷೆ ಕಲಿತರೆ ಕಾಯಿಲೆ ಬರುವುದಿಲ್ಲ ಎಂದು ಇದರ ಅರ್ಥವಲ್ಲ, ಇದು ಗಮನಿಸಿ ಕಂಡ ಸಂಬಂಧವಷ್ಟೇ. ಆದರೂ ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಭಾಷೆ ಆಡುವ ನಮ್ಮ ಮಕ್ಕಳಿಗೆ ಅದನ್ನು ಕೊರತೆಯೆಂದು ನೋಡದ ವಿಜ್ಞಾನವೊಂದಿದೆ ಎಂದು ತಿಳಿಯಲಿ.

ಐದನೆಯ ಹೆಜ್ಜೆ: ವಂಶವಾಹಿ ಮತ್ತು ಔಷಧ

ವಂಶವಾಹಿಯ ಪಾಠವನ್ನು ಚಿಕ್ಕದಾಗಿ ಇಡಿ, ಎಚ್ಚರದಿಂದ ಹೇಳಿ. ಅಮೈಲಾಯ್ಡ್‌ನ ಮೂಲ ಪ್ರೋಟೀನಿನ ವಂಶವಾಹಿ 21ನೆಯ ವರ್ಣತಂತುವಿನಲ್ಲಿದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ವರ್ಣತಂತು ಮೂರು ಇರುವುದರಿಂದ 40ರ ಹೊತ್ತಿಗೆ ಬಹುಮಟ್ಟಿಗೆ ಎಲ್ಲರ ಮೆದುಳಿನಲ್ಲೂ ಅಮೈಲಾಯ್ಡ್ ಶೇಖರವಾಗಿರುತ್ತದೆ. ಆದರೂ ಔಷಧ ಪ್ರಯೋಗಗಳಲ್ಲಿ ಅವರಿಗೆ ಬಹುಕಾಲ ಜಾಗ ಸಿಗಲಿಲ್ಲ. ಕೊಲಂಬಿಯಾದ ಆಂಟಿಯೋಕಿಯಾ ಪ್ರಾಂತ್ಯದಲ್ಲಿ ವೈದ್ಯ ಫ್ರಾನ್ಸಿಸ್ಕೊ ಲೊಪೆರಾ ದಶಕಗಳ ಕಾಲ ಒಂದು ದೊಡ್ಡ ವಂಶವನ್ನು ಹಿಂಬಾಲಿಸಿದರು. ಒಂದೇ ವಂಶವಾಹಿಯ ಬದಲಾವಣೆಯಿಂದ ಆ ಮನೆತನದವರಿಗೆ ನಲವತ್ತರ ಆಸುಪಾಸಿನಲ್ಲೇ ನೆನಪು ಕುಸಿಯುತ್ತಿತ್ತು. ಅದೇ ಬದಲಾವಣೆ ಇದ್ದೂ ಎಪ್ಪತ್ತರವರೆಗೆ ಚೆನ್ನಾಗಿದ್ದ ಒಬ್ಬ ಹೆಂಗಸಿನ ವಿಷಯ 2019ರಲ್ಲಿ ವರದಿಯಾಯಿತು. ಆಕೆಯ ಮೆದುಳಿನಲ್ಲಿ ಅಮೈಲಾಯ್ಡ್ ತುಂಬಿತ್ತು, ಟೌ ಕಡಿಮೆಯಿತ್ತು. ಮೂರನೆಯ ಹೆಜ್ಜೆಯ ಮಾದರಿಯನ್ನು ಮತ್ತೆ ಕೈಗೆತ್ತಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

ಔಷಧದ ಸುದ್ದಿಯನ್ನು ಓದುವುದನ್ನು ಒಂದು ಲೆಕ್ಕದಿಂದ ಕಲಿಸಿ. ಮೆದುಳಿನ ಅಮೈಲಾಯ್ಡ್ ಅನ್ನು ತೆಗೆದುಹಾಕುವ ಲೆಕನೆಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ಣ ಅನುಮೋದನೆ ಸಿಕ್ಕಿತು. 1,795 ಮಂದಿಯ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ, ನೆನಪು ಮತ್ತು ದಿನನಿತ್ಯದ ಕೆಲಸಗಳನ್ನು ಅಳೆಯುವ 18 ಅಂಕಗಳ ಅಳತೆಯ ಮೇಲೆ ಔಷಧ ಪಡೆದವರು ಸರಾಸರಿ 1.21ರಷ್ಟು, ಹುಸಿಮದ್ದು ಪಡೆದವರು 1.66ರಷ್ಟು ಕುಸಿದರು. ವಿದ್ಯಾರ್ಥಿಗಳು ವ್ಯತ್ಯಾಸ ಕಳೆಯಲಿ: 0.45. ಅದನ್ನು 1.66ರಿಂದ ಭಾಗಿಸಲಿ: ಶೇ. 27. “ಶೇ. 27ರಷ್ಟು ನಿಧಾನ” ಎಂಬ ತಲೆಬರಹವೂ “18ರಲ್ಲಿ ಅರ್ಧ ಅಂಕಕ್ಕಿಂತ ಕಡಿಮೆ” ಎಂಬ ಸಾಲೂ ಒಂದೇ ಫಲಿತಾಂಶದಿಂದ ಹುಟ್ಟಿದವು. ಎರಡೂ ನಿಜ. ಆ ಪ್ರಯೋಗದಲ್ಲಿ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಹನಿಸಬೇಕಾಗಿತ್ತು, ಕೆಲವರಲ್ಲಿ ಮೆದುಳು ಊದಿಕೊಳ್ಳುತ್ತದೆ ಅಥವಾ ರಕ್ತ ಜಿನುಗುತ್ತದೆ, ಪದೇ ಪದೇ ಎಂಆರ್‌ಐ ಬೇಕು ಎಂಬುದನ್ನು ಸೇರಿಸಿ, ನಿಮ್ಮ ತಾಲ್ಲೂಕಿನಲ್ಲಿ ಇದು ಯಾರಿಗೆ ಎಟುಕೀತು ಎಂದು ಕೇಳಿ.

ಆರನೆಯ ಹೆಜ್ಜೆ: ನಮ್ಮ ನೆಲದ ಕೆಲಸ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಸಂಶೋಧನೆಯಲ್ಲಿ ಬಿಟ್ಟುಹೋದವರು ಯಾರು ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಹುಟ್ಟಿದ ಉತ್ತರ ಅದು. ನಿಮ್ಹಾನ್ಸ್‌ನ ಮೆದುಳಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವುದಾದರೆ, ಗಾಲಿಕುರ್ಚಿ ಸಾಗುತ್ತದೆಯೇ, ಮಾದರಿಗಳನ್ನು ಮುಟ್ಟಲು ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಹೋಗಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ.

ಮೌಲ್ಯಮಾಪನದಲ್ಲಿ ಮಟ್ಟವನ್ನು ಇಳಿಸದೆ ದಾರಿಗಳನ್ನು ಹೆಚ್ಚಿಸಿ. ಲಿಖಿತ ಉತ್ತರ, ಮಾದರಿ ಹಿಡಿದು ಬಾಯಿಮಾತಿನ ವಿವರಣೆ, ಧ್ವನಿಮುದ್ರಣ, ಇವುಗಳಲ್ಲಿ ಯಾವುದನ್ನು ಆರಿಸಿದರೂ ಅದೇ ಪ್ರಶ್ನೆ, ಅದೇ ಅಂಕ. ಕನ್ನಡದ ಉತ್ತರಕ್ಕೆ ಇಂಗ್ಲಿಷಿನದರಷ್ಟೇ ಬೆಲೆ. ಅಂಗವೈಕಲ್ಯವುಳ್ಳ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯ ಎಂಬ ಕೇಂದ್ರದ ಮಾರ್ಗಸೂಚಿಯನ್ನು ಕಿರುಪರೀಕ್ಷೆಗೂ ಅನ್ವಯಿಸಿ.

ಕೊನೆಯ ತರಗತಿಯ ನಂತರ ಒಬ್ಬಿಬ್ಬರಾದರೂ ಬಾಗಿಲ ಬಳಿ ನಿಲ್ಲುತ್ತಾರೆ. ಅವರಿಗಾಗಿ ಹದಿನೈದು ನಿಮಿಷ ಇಟ್ಟುಕೊಳ್ಳಿ. ಮರೆವೆಲ್ಲ ಅಲ್ಝೈಮರ್ ಅಲ್ಲ, ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಮತ್ತು ಕೆಲವು ಮಾತ್ರೆಗಳಿಂದಲೂ ಮರೆವು ಬರಬಹುದು, ಅವುಗಳಿಗೆ ಚಿಕಿತ್ಸೆಯಿದೆ, ಆದ್ದರಿಂದ ವೈದ್ಯರಿಗೆ ತೋರಿಸಲೇಬೇಕು ಎಂದು ಹೇಳಿ. ಹಿರಿಯ ನಾಗರಿಕರ ಸಹಾಯವಾಣಿ 14567 ಮತ್ತು ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಎಂಬ ಎರಡು ಸಂಖ್ಯೆಗಳನ್ನು ಬರೆದುಕೊಡಿ. ಮನೆಯಲ್ಲಿ ಏನು ಮಾಡಬೇಕು ಎಂದು ಕೇಳಿದರೆ ನಾನು ಹೇಳುವುದು ಸಣ್ಣ ವಿಷಯ. ಊರಿಗೆ ಹೋದಾಗ “ಅಜ್ಜಿ, ನಾನ್ಯಾರು ಹೇಳಿ ನೋಡೋಣ” ಎಂದು ಪರೀಕ್ಷೆ ಮಾಡಬೇಡಿ. ಎದುರಿಗೆ, ಅವರ ಕಣ್ಣಿನ ಮಟ್ಟಕ್ಕೆ ಕುಳಿತು, “ಅಜ್ಜಿ, ನಾನು ನಿಮ್ಮ ಮಗಳ ಮಗ, ಕಾಲೇಜಿನಿಂದ ಈಗ ಬಂದೆ” ಎಂದು ನೀವೇ ಹೇಳಿ. ಹತ್ತು ನಿಮಿಷದ ನಂತರ ಅವರು ಮತ್ತೆ ಯಾರಪ್ಪ ನೀನು ಎಂದು ಕೇಳಿದರೆ, ಮತ್ತೆ ಅಷ್ಟೇ ಮೆತ್ತಗೆ ಹೇಳಿ.